ರೇಂಜ್ ಓವನ್ನಿನ ಸಣ್ಣ ಉರಿ ಯಾಕೆ ಆರುತ್ತಿತ್ತು ಅಂದರೆ

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಓವನ್ನಿನ ಡಯಲ್ 140 ಡಿಗ್ರಿಗೆ ಇಟ್ಟು ಬಾಗಿಲು ದಡ್ ಅಂತ ಹಾಕಿದರೂ ಈಗ ಉರಿ ಆರುವುದಿಲ್ಲ. ನಿನ್ನೆ ಬೆಣ್ಣೆ ಬಿಸ್ಕತ್ತಿನ ಟ್ರೇ ಮೇಲೆ ಟ್ರೇ ಬೇಯಿಸಿದೆ. ಒಮ್ಮೆಯೂ ಮಧ್ಯದಲ್ಲಿ ತಣ್ಣಗಾಗಲಿಲ್ಲ. ಖುಷಿ ಇನ್ನೂ ಇಳಿದಿಲ್ಲ, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

ರೇಂಜ್ ಕೂರಿಸಿದ ಕಥೆಯನ್ನು ಬೇಗ ಮುಗಿಸುತ್ತೇನೆ, ನಿಮಗೆಲ್ಲ ಗೊತ್ತಿರುವುದೇ. 60 ಸೆಂಟಿಮೀಟರ್ ಅಗಲದ, ನೆಲದ ಮೇಲೆ ನಿಲ್ಲುವ ರೇಂಜ್. ಮೇಲೆ ನಾಲ್ಕು ಬರ್ನರ್, ಕೆಳಗೆ ಗ್ಯಾಸ್ ಓವನ್. ನಮ್ಮ ಮೈಸೂರಿನ ಮನೆಯಲ್ಲಿ ಸಿಲಿಂಡರ್ ಯುಟಿಲಿಟಿಯಲ್ಲಿದೆ. ಅಲ್ಲಿಂದ ಗೋಡೆ ದಾಟಿ ತಾಮ್ರದ ಪೈಪ್ ಬರುತ್ತದೆ. ಎರಡೂ ತುದಿಗೆ ಐಎಸ್ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್, ಅದೂ ಗಿಡ್ಡದ್ದು. ಅಂಗಡಿಯವರು ಕಳಿಸಿದ ಫಿಟ್ಟರ್ ಮೊದಲು ರಬ್ಬರ್ ಪೈಪನ್ನು ಓವನ್ನಿನ ಬೆನ್ನ ಹಿಂದೆಯೇ ಅಡ್ಡಡ್ಡ ಎಳೆದಿದ್ದರು. ಓವನ್ 200 ಡಿಗ್ರಿಯಲ್ಲಿ ಒಂದು ಗಂಟೆ ಓಡಿದರೆ ಬೆನ್ನಿನ ತಗಡು ಕೈಯಿಡಲಾಗದಷ್ಟು ಕಾಯುತ್ತದೆ. ನಿಂತು ತೆಗೆಸಿದೆ. ಪೈಪ್ ಈಗ ಪಕ್ಕದಿಂದ ಇಳಿಯುತ್ತದೆ, ಬೆನ್ನು ಮುಟ್ಟುವುದಿಲ್ಲ, ಇಡೀ ಉದ್ದ ಕಣ್ಣಿಗೆ ಕಾಣುತ್ತದೆ. ಐದು ವರ್ಷಕ್ಕೆ ಬದಲಾಯಿಸಬೇಕಲ್ವಾ, ಹಾಕಿದ ತಿಂಗಳನ್ನು ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.

ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಬಿಡಿಭಾಗ, ಅದರ ವಿಷಯ ಮಾತ್ರ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಈ ರೇಂಜ್ ಕಾರ್ಖಾನೆಯಿಂದ ಬಂದದ್ದು ನೈಸರ್ಗಿಕ ಅನಿಲಕ್ಕೆ, 20 ಮಿಲಿಬಾರ್ ಒತ್ತಡಕ್ಕೆ. ಎಲ್‌ಪಿಜಿ ಜೆಟ್‌ಗಳು ಒಂದು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ, ಮ್ಯಾನ್ಯುಯಲ್ ಒಳಗೆ ಮಡಚಿ ಇಟ್ಟಿದ್ದರು. ಎಲ್‌ಪಿಜಿಯ ಶಾಖ ಅಷ್ಟೇ ಗಾತ್ರದ ನೈಸರ್ಗಿಕ ಅನಿಲದ ಸುಮಾರು ಎರಡೂವರೆ ಪಟ್ಟು. ದೊಡ್ಡ ತೂತಿನ ಜೆಟ್ಟಲ್ಲೇ ಸಿಲಿಂಡರ್ ಗ್ಯಾಸ್ ಬಿಟ್ಟರೆ ಉರಿ ಹಳದಿಯಾಗಿ ಮೇಲೇಳುತ್ತದೆ, ಪಾತ್ರೆಗೆ ಮಸಿ, ಅಡುಗೆಮನೆಗೆ ಕಾರ್ಬನ್ ಮೊನಾಕ್ಸೈಡ್. ಜೆಟ್ ತಲೆಯ ಮೇಲೆ ಕೊರೆದ ಅಂಕಿ ನೋಡಿಕೊಳ್ಳಿ. 70 ಅಂತಿದ್ದರೆ ತೂತು 0.70 ಮಿಲಿಮೀಟರ್. ಬೆಂಗಳೂರಿನಲ್ಲಿ ಮನೆಗೆ ಪೈಪ್ ಗ್ಯಾಸ್, ಅಂದರೆ ನೈಸರ್ಗಿಕ ಅನಿಲ, ಬಂದಿರುವವರು ತಮ್ಮ ಸಿಲಿಂಡರ್ ಒಲೆಗೆ ಇದೇ ಕೆಲಸವನ್ನು ಉಲ್ಟಾ ಮಾಡಿಸಬೇಕು.

ಸರಿ, ಈಗ ನಿಜವಾದ ತಲೆನೋವಿಗೆ ಬರೋಣ.

230ಕ್ಕೆ ಇಟ್ಟರೆ ಓವನ್ ಚಿನ್ನ. ಖಾರಾ ಬನ್ ಮಾಡಲು 190ಕ್ಕೆ ಇಟ್ಟರೂ ತಕರಾರಿಲ್ಲ. 150ಕ್ಕೋ 140ಕ್ಕೋ ಇಟ್ಟರೆ ಮಾತ್ರ ಶುರುವಾಗುತ್ತಿತ್ತು. ಕಾಲು ಗಂಟೆ ಚೆನ್ನಾಗಿ ಕಾಯುತ್ತದೆ, ಬಿಸಿ ನೋಡಿಕೊಳ್ಳುವ ಥರ್ಮೋಸ್ಟಾಟ್ ಉರಿ ಇಳಿಸುತ್ತದೆ, ಆಮೇಲೆ ಒಳಗೆ ಟಕ್ ಅಂತ ಒಂದು ಸದ್ದು. ಬಗ್ಗಿ ನೋಡಿದರೆ ಉರಿ ಇಲ್ಲ. ಬಿಸ್ಕತ್ತು ಅರೆಬೆಂದು ಕೂತಿರುತ್ತದೆ. ಅದಕ್ಕಿಂತ ಸಿಟ್ಟು ಬರಿಸಿದ್ದು ಇನ್ನೊಂದು. ಕೆಲವು ದಿನ ಏನೂ ಆಗದೆ ಮೂರು ಗಂಟೆ ಉರಿಯುತ್ತಿತ್ತು! ದಿನಾ ಕೆಡುವ ಯಂತ್ರವನ್ನು ಹಿಡಿಯಬಹುದು. ಮನಸ್ಸು ಬಂದಾಗ ಕೆಡುವುದನ್ನು ಹಿಡಿಯುವುದು ಕಷ್ಟ.

ಆ ಟಕ್ ಸದ್ದಿಗೆ ಮಾತ್ರ ನಾನು ಋಣಿ. ಅದು ಸುರಕ್ಷತಾ ವಾಲ್ವ್ ಮುಚ್ಚಿಕೊಳ್ಳುವ ಸದ್ದು. ಉರಿಯಲ್ಲಿ ಕಾಯುವ ಥರ್ಮೋಕಪಲ್ ಅನ್ನುವ ಲೋಹದ ಕಡ್ಡಿ ಕೆಲವು ಮಿಲಿವೋಲ್ಟ್ ಹುಟ್ಟಿಸುತ್ತದೆ. ಆ ಚೂರು ಕರೆಂಟಿನ ಬಲದಲ್ಲೇ ಒಂದು ಪುಟ್ಟ ಅಯಸ್ಕಾಂತ ವಾಲ್ವನ್ನು ತೆರೆದು ಹಿಡಿದಿರುತ್ತದೆ. ಉರಿ ಆರಿ ತುದಿ ತಣ್ಣಗಾದರೆ ವಾಲ್ವ್ ಮುಚ್ಚುತ್ತದೆ, ಗ್ಯಾಸ್ ನಿಲ್ಲುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಇದಿಲ್ಲದಿದ್ದರೆ ಉರಿಯದ ಗ್ಯಾಸ್ ಓವನ್ ತಳದಲ್ಲೇ ತುಂಬಿಕೊಳ್ಳುತ್ತಿತ್ತು. ಓವನ್ ಉರಿ ಆರಿದಾಗ ತಕ್ಷಣ ಮತ್ತೆ ಕಡ್ಡಿ ಗೀರಬೇಡಿ. ನಾಬ್ ಮುಚ್ಚಿ, ಬಾಗಿಲು ಪೂರ್ತಿ ತೆಗೆದು, ಕನಿಷ್ಠ ಒಂದು ನಿಮಿಷ ಕಾಯಿರಿ. ವಾಸನೆ ಇದ್ದರೆ ಹೋಗುವ ತನಕ ಕಾಯಿರಿ. ಥರ್ಮೋಕಪಲ್ ತೊಂದರೆ ಕೊಡುತ್ತಿದೆ ಅಂತ ಆ ವಾಲ್ವನ್ನು ತಂತಿ ಕಟ್ಟಿ ತೆರೆದಿಡುವವರೂ ಇದ್ದಾರಂತೆ. ದಯವಿಟ್ಟು, ಯಾವ ಕಾರಣಕ್ಕೂ ಮಾಡಬೇಡಿ.

ಮಾರಿದವರಿಗೆ ಫೋನ್ ಮಾಡಿದೆ. "ಥರ್ಮೋಕಪಲ್ ಹೋಗಿದೆ ಮೇಡಂ, ಹೊಸದು ಹಾಕಬೇಕು, ಪಾರ್ಟ್ ಬರೋಕೆ ಟೈಮ್ ಆಗತ್ತೆ" ಅಂದರು. ನೋಡದೇ ಹೇಳಿದ್ದು. ಇನ್ನೊಮ್ಮೆ ಮಾಡಿದಾಗ ಬೇರೆಯವರು ಎತ್ತಿ, "ಗ್ಯಾಸ್ ಓವನ್ ಅಂದ್ರೆ ಹಾಗೇ ಮೇಡಂ" ಅಂದರು. ಇಷ್ಟು ದುಡ್ಡು ಕೊಟ್ಟು ತಂದ ಪೆಟ್ಟಿಗೆ ಹಾಗೇ ಇರಬೇಕು ಅಂದರೆ ಹೇಗೆ ಒಪ್ಪುವುದು? ನಮ್ಮ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಅಣ್ಣನನ್ನು ಕರೆಸಿದೆ. ಅವರಿಗೆ ರೇಂಜ್ ಹೊಸದು, ಆದರೆ ಗ್ಯಾಸ್ ಹಳೆಯದು. ತಾಳ್ಮೆಯೂ ಇದೆ.

ಮೊದಲ ಅನುಮಾನ ಒತ್ತಡದ ಮೇಲೆ. ಮನೆ ಸಿಲಿಂಡರಿನ ರೆಗ್ಯುಲೇಟರ್ ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ ಒತ್ತಡ ಕೊಡಬೇಕು. ಅಂದರೆ 30 ಸೆಂಟಿಮೀಟರ್ ನೀರನ್ನು ಎತ್ತಿ ನಿಲ್ಲಿಸುವಷ್ಟು. ಅಳೆಯಲು ದುಬಾರಿ ಮೀಟರ್ ಏನೂ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಹಲಗೆಯ ಮೇಲೆ 'ಯು' ಆಕಾರದಲ್ಲಿ ಕಟ್ಟಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿ, ನೀರಿಗೆ ಚಿಟಿಕೆ ಕುಂಕುಮ ಹಾಕಿದೆ. ಕಿಟಕಿ ಎಲ್ಲ ತೆಗೆದು, ಮೆಕ್ಯಾನಿಕ್ ಒಂದು ಬರ್ನರ್ ಎತ್ತಿ ಅದರ ಜೆಟ್ಟಿಗೆ ಕೊಳವೆ ಸಿಕ್ಕಿಸಿದರು. ಕೆಂಪು ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ಏರಿತು. ಎರಡರ ನಡುವಿನ ಅಂತರ 30. ಉಳಿದ ಬರ್ನರ್‌ಗಳನ್ನೂ ಓವನ್ನನ್ನೂ ಪೂರ್ತಿ ಉರಿಸಿದಾಗ 28ಕ್ಕೆ ಬಂತು. ಇಷ್ಟು ಇಳಿಯುವುದು ಸಹಜ. ರೆಗ್ಯುಲೇಟರ್ ತಪ್ಪಿಲ್ಲ, ಪೈಪೂ ಕಟ್ಟಿಕೊಂಡಿಲ್ಲ. ಇದನ್ನು ಒಬ್ಬರೇ ಇದ್ದಾಗ, ಗೊತ್ತಿರುವವರಿಲ್ಲದೆ ಮಾಡಬೇಡಿ. ಅಲ್ಲಿ ಗ್ಯಾಸನ್ನು ತಡೆದಿರುವುದು ಬರೀ ಒಂದು ಕೊಳವೆ ನೀರು.

ಎರಡನೆಯದು ಥರ್ಮೋಕಪಲ್. ಮಲ್ಟಿಮೀಟರ್ ಇರುವಾಗ ಅಂದಾಜಿನ ಮೇಲೆ ಯಾಕೆ ಪಾರ್ಟ್ ತರಿಸಬೇಕು? ತುದಿ ಬಿಚ್ಚಿ ಮೀಟರಿಗೆ ಹಾಕಿದೆವು. ಮೆಕ್ಯಾನಿಕ್ ನಾಬ್ ಒತ್ತಿ ಹಿಡಿದೇ ಕೂತರು. ದೊಡ್ಡ ಉರಿಯಲ್ಲಿ 24 ಮಿಲಿವೋಲ್ಟ್. ಆರೋಗ್ಯವಾಗಿದೆ. ಡಯಲನ್ನು ಒಂದೇ ಸಲಕ್ಕೆ ಕೆಳಗೆ ತಿರುಗಿಸಿದಾಗ ಮೀಟರ್ ಇಳಿಯುತ್ತಾ ಇಳಿಯುತ್ತಾ ಒಂದಂಕಿಗೆ ಬಂತು. ಅಂದರೆ ಥರ್ಮೋಕಪಲ್ ಸರಿಯಾಗಿದೆ. ಅದಕ್ಕೆ ತಾಗಲು ಉರಿಯೇ ಇಲ್ಲ.

ಓವನ್ನಿನ ತಳದ ತಗಡು ತೆಗೆದು ಟಾರ್ಚ್ ಬಿಟ್ಟು ನೋಡಿದಾಗ ವಿಷಯ ಕಣ್ಣಿಗೆ ಬಿತ್ತು. ಸಣ್ಣ ಉರಿಯಲ್ಲಿ ಬರ್ನರಿನ ಉದ್ದಕ್ಕೂ ನೀಲಿ ಮಣಿಗಳು ಸಾಲಾಗಿ ನಿಲ್ಲಬೇಕು. ನಮ್ಮದರಲ್ಲಿ ಜೆಟ್ ಕಡೆಯ ಮೊದಲ ಕೆಲವು ತೂತುಗಳಲ್ಲಿ ಮಾತ್ರ ಮಿಣಮಿಣ ಅನ್ನುತ್ತಿತ್ತು. ಉಳಿದ ಬರ್ನರ್ ಕತ್ತಲೆ. ಥರ್ಮೋಕಪಲ್ ಇರುವುದು ಆ ಕತ್ತಲೆಯ ತುದಿಯಲ್ಲಿ. ಬಾಗಿಲು ಹಾಕಿದ ಗಾಳಿಗೆ ಇದ್ದ ಮಣಿಗಳೂ ಎದ್ದು ಕುಣಿದು ಆರಿದವು.

ಈ ಥರದ ಗ್ಯಾಸ್ ಓವನ್ನಿನ ಥರ್ಮೋಸ್ಟಾಟ್ ಕರೆಂಟ್ ಓವನ್ನಿನ ಹಾಗೆ ಆನ್ ಆಫ್ ಆಗುವುದಿಲ್ಲ. ಬೇಕಾದ ಬಿಸಿ ಬಂದಾಗ ಅದು ದೊಡ್ಡ ದಾರಿ ಮುಚ್ಚುತ್ತದೆ. ಆಗ ಗ್ಯಾಸ್ ಬರುವುದು ಬೈಪಾಸ್ ಸ್ಕ್ರೂವಿನ ಕಿರುತೂತಿನಿಂದ ಮಾತ್ರ. ಎಲ್‌ಪಿಜಿಗೆ ಆ ಸ್ಕ್ರೂವನ್ನು ಪೂರ್ತಿ ಬಿಗಿ ಮಾಡಬೇಕು ಅಂತ ಮ್ಯಾನ್ಯುಯಲ್ ಹೇಳುತ್ತದೆ. ಪೂರ್ತಿ ಕೂತಾಗ ಅದರ ಮೈಯಲ್ಲಿ ಕೊರೆದ ತೂತೇ ಅಳತೆ. ನಮ್ಮದು ಪೂರ್ತಿ ಬಿಗಿಯಾಗಿಯೇ ಇತ್ತು. ಹಾಗಾದರೆ ಉರಿ ಯಾಕೆ ಸಾಲದು? ಸ್ವಲ್ಪ ಸಡಿಲ ಮಾಡಿದರೆ ಉರಿ ನಿಲ್ಲುತ್ತಿತ್ತು, ನಿಜ. ಆದರೆ ಅದು ಕಾರಣವನ್ನು ಮುಚ್ಚಿಟ್ಟ ಹಾಗೆ. ನಾಳೆ ತೂತು ತೆರೆದುಕೊಂಡರೆ ಉರಿ ಜಾಸ್ತಿಯಾಗಿ 140ರಲ್ಲಿ ಓವನ್ ನಿಲ್ಲುವುದೇ ಇಲ್ಲ.

ರೆಗ್ಯುಲೇಟರ್ ಮುಚ್ಚಿ, ಪೈಪಿನಲ್ಲಿದ್ದ ಗ್ಯಾಸ್ ಉರಿಸಿ ಖಾಲಿ ಮಾಡಿ, ನಾಬ್ ಎಳೆದು, ಉದ್ದನೆಯ ಸಣ್ಣ ಸ್ಕ್ರೂಡ್ರೈವರಿನಲ್ಲಿ ಮೆಕ್ಯಾನಿಕ್ ಆ ಬೈಪಾಸ್ ಸ್ಕ್ರೂವನ್ನು ಹೊರಗೆ ತೆಗೆದರು. ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡ ಹಿತ್ತಾಳೆ ಸ್ಕ್ರೂ. ಬಿಳಿ ಕಾಗದದ ಮೇಲೆ ಇಟ್ಟು ಭೂತಗನ್ನಡಿ ಹಿಡಿದೆ. ತೂತಿನ ಬಾಯಲ್ಲಿ ಬಿಳಿ ನೂಲಿನಂಥದ್ದು ಏನೋ ಮಡಚಿಕೊಂಡು ಕೂತಿತ್ತು. ಹುಬ್ಬು ಕೀಳುವ ಚಿಮಟದಲ್ಲಿ ಎಳೆದೆ. ಬಂತು. ಪೈಪ್ ಸೋರದಂತೆ ಥ್ರೆಡ್ಡಿಗೆ ಸುತ್ತುವ ಟೆಫ್ಲಾನ್ ಟೇಪಿನ ಎಳೆ, ಉಗುರಿನ ಅರ್ಧದಷ್ಟು ಉದ್ದದ್ದು!

ಮೆಕ್ಯಾನಿಕ್ ಅದನ್ನು ಬೆರಳ ತುದಿಯಲ್ಲಿಟ್ಟು ನೋಡಿ, "ಮೇಡಂ, ಇಷ್ಟು ದಿನ ನಮ್ಮನ್ನ ಆಡಿಸಿದ್ದು ಇದೇನಾ" ಅಂದರು. ಇಬ್ಬರೂ ಜೋರಾಗಿ ನಕ್ಕೆವು.

ಫಿಟ್ಟರ್ ಹಾಕಿದ ಜೋಡಣೆಗಳನ್ನು ಆಮೇಲೆ ಒಂದೊಂದಾಗಿ ಬಿಚ್ಚಿ ನೋಡಿದೆವು. ಎಲ್ಲ ಕಡೆ ಟೇಪ್. ಥ್ರೆಡ್ಡಿನ ತುದಿಯನ್ನೂ ದಾಟಿ ಪೈಪಿನ ಬಾಯಿಗೆ ಇಳಿಬಿದ್ದಿತ್ತು. ತಿರುಗಿಸಿ ಬಿಗಿ ಮಾಡುವಾಗ ಆ ಅಂಚು ಕತ್ತರಿಸಿ ಒಳಗೆ ಬೀಳುತ್ತದೆ. ಗ್ಯಾಸಿನ ಜೊತೆ ಸಾಗುತ್ತಾ ದಾರಿಯಲ್ಲಿ ಅತಿ ಕಿರಿದಾದ ತೂತು ಎಲ್ಲಿದೆಯೋ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆ ಮಡಚಿ ಕೂತ ದಿನ ಉರಿ ಆರುತ್ತಿತ್ತು, ಪಕ್ಕಕ್ಕೆ ವಾಲಿದ ದಿನ ಆರುತ್ತಿರಲಿಲ್ಲ. ಟೇಪ್ ಸುತ್ತುವವರು ಮೊದಲ ಒಂದೆರಡು ಥ್ರೆಡ್ ಬರಿದೇ ಬಿಡಬೇಕು. ವಾಷರ್ ಒತ್ತಿ ಕೂರುವ ಜೋಡಣೆಗೆ, ತಾಮ್ರದ ತುದಿ ಅರಳಿಸಿ ಮಾಡುವ ಜೋಡಣೆಗೆ ಟೇಪೇ ಬೇಡ. ಅಲ್ಲಿ ಸೋರದಂತೆ ತಡೆಯುವುದು ವಾಷರ್ ಅಥವಾ ಲೋಹದ ಮುಖ, ಥ್ರೆಡ್ ಅಲ್ಲ. ಟೇಪ್ ಹಾಕಿದರೆ ಸರಿಯಾಗಿ ಕೂರದೆ ಸೋರಲೂಬಹುದು. ಬೇಕಾದ ಕಡೆಗೂ ನಲ್ಲಿಗೆ ಸುತ್ತುವ ತೆಳು ಬಿಳಿ ಟೇಪ್ ಬೇಡ, ಗ್ಯಾಸಿಗೆ ಅಂತಲೇ ದಪ್ಪನೆಯ ಹಳದಿ ಟೇಪ್ ಬರುತ್ತದೆ.

ಎಲ್ಲ ಹೊಸದಾಗಿ ಕಟ್ಟಿದೆವು. ಪ್ರತಿ ಜೋಡಣೆಗೂ ಸೋಪಿನ ನೊರೆ ಬಳಿದು, ಟಾರ್ಚ್ ಹಿಡಿದು, ಗುಳ್ಳೆ ಬರುತ್ತದಾ ಅಂತ ಕಾದು ನೋಡಿದೆವು. ಬರಲಿಲ್ಲ. ಕಡ್ಡಿ ಗೀರಿ ಪರೀಕ್ಷೆ ಮಾಡುವವರು ನಿಮ್ಮ ಮನೆಗೆ ಬಂದರೆ ಬಾಗಿಲಲ್ಲೇ ನಿಲ್ಲಿಸಿ. ಆಮೇಲೆ ಓವನ್ ಪೂರ್ತಿ ಕಾಯಿಸಿ, ಡಯಲ್ ಕೆಳಗಿಳಿಸಿ, ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ ನೋಡಿದೆವು. ನೀಲಿ ಮಣಿಗಳು ತುದಿಯವರೆಗೂ ಸಾಲಾಗಿ ನಿಂತವು.

ಮಾರಿದವರ ಮೇಲೆ ಇನ್ನೆರಡು ದೂರುಗಳಿವೆ, ಹೇಳಿಬಿಡುತ್ತೇನೆ. ಗ್ಯಾಸ್ ಅಲಾರಂ ಮಾರಿದ ಅಂಗಡಿಯವರು ಅದನ್ನು ಚಾವಣಿಯ ಹತ್ತಿರ ಹೊಡೆಯಿರಿ ಅಂದರು. ಅದು ಪೈಪ್ ಗ್ಯಾಸಿನ ಮನೆಗೆ ಸರಿ, ಆ ಅನಿಲ ಹಗುರ, ಮೇಲೇರುತ್ತದೆ. ಸಿಲಿಂಡರ್ ಗ್ಯಾಸ್ ನೆಲ ಹಿಡಿದು ಹರಿಯುತ್ತದೆ. ನಮ್ಮದು ಈಗ ನೆಲದಿಂದ ಒಂದಡಿ ಎತ್ತರದಲ್ಲಿದೆ. ಪಕ್ಕದಲ್ಲಿ 1906 ಅಂತ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ, ಎಲ್‌ಪಿಜಿ ಸೋರಿಕೆಯ ಸಹಾಯವಾಣಿ.

ಇನ್ನೊಂದು, ರೇಂಜ್ ಮುಂದಕ್ಕೆ ಮಗುಚದಂತೆ ಗೋಡೆಗೆ ಹಿಡಿಸುವ ಕೊಂಡಿ ಪೆಟ್ಟಿಗೆಯಲ್ಲೇ ಇರಲಿಲ್ಲ. ಕೇಳಿದರೆ "ಅದೆಲ್ಲ ಇಲ್ಲಿ ಯಾರೂ ಹಾಕಲ್ಲ" ಅಂದರು. ತೆರೆದ ಓವನ್ ಬಾಗಿಲ ಮೇಲೆ ಮಗು ಹತ್ತಿ ನಿಂತರೆ ಸಾಕು, ಮೇಲಿನ ಕುದಿಯುವ ಸಾರಿನ ಸಮೇತ ಇಡೀ ರೇಂಜ್ ವಾಲುತ್ತದೆ. ಅಮೆರಿಕದಲ್ಲಿ 1991ರಿಂದ ತೆರೆದ ಬಾಗಿಲ ಮೇಲೆ 250 ಪೌಂಡ್, ಅಂದರೆ ಸುಮಾರು 113 ಕಿಲೋ ಭಾರ ಇಟ್ಟರೂ ಮಗುಚಬಾರದು ಅನ್ನುವ ಸುರಕ್ಷತಾ ಮಾನದಂಡವೇ ಇದೆ. ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಎಲ್ ಆಂಗಲ್ ಮಾಡಿಸಿ ಗೋಡೆಗೆ ಬೋಲ್ಟ್ ಹೊಡೆಸಿದೆ. ಅಕ್ಕನ ಮಕ್ಕಳು ರಜೆಗೆ ಬರುತ್ತಾರೆ, ಇದನ್ನು ನಾಳೆಗೆ ಬಿಡುವ ಮಾತೇ ಇರಲಿಲ್ಲ.

ಇನ್ನು ಬಾಕಿ ಇರುವುದು ರಸ್ಕ್. ಬೇಕರಿ ರಸ್ಕಿನ ಹಾಗೆ ಕಟಕಟ ಅನ್ನುವುದಿಲ್ಲ, ಸ್ವಲ್ಪ ಮೆತ್ತಗೆ ಉಳಿಯುತ್ತದೆ. ಕಾರಣ ಗ್ಯಾಸೇ. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರಾವಿ ಹುಟ್ಟುತ್ತದೆ, ಅದು ಓವನ್ ಒಳಗೇ ಸುಳಿಯುತ್ತದೆ. ಬ್ರೆಡ್ಡಿಗೆ ಒಳ್ಳೆಯದು, ರಸ್ಕಿಗೆ ಅಲ್ಲ. 140ರಲ್ಲಿ ಬಣ್ಣ ಬರಿಸಿ, ಗ್ಯಾಸ್ ಪೂರ್ತಿ ಮುಚ್ಚಿದ ಮೇಲೆ ಬಾಗಿಲು ಸಂದು ಮಾಡಿ, ಉಳಿದ ಬಿಸಿಯಲ್ಲೇ ಒಣಗಿಸಿ ನೋಡಬೇಕು. ಹಿಂದಿನ ಹೊಗೆ ಕಿಂಡಿಯನ್ನಂತೂ ಮುಟ್ಟುವುದಿಲ್ಲ.

ಇಷ್ಟರ ನಡುವೆ ತಲೆ ಆಗಲೇ ಹಿತ್ತಲಿಗೆ ಹೋಗಿದೆ. ಬಚ್ಚಲ ಹಂಡೆಯ ಹಳೇ ಒಲೆ ಸೌದೆ ನುಂಗುತ್ತದೆ, ಅಮ್ಮನ ಕಣ್ಣಿಗೆಲ್ಲ ಹೊಗೆ. ಅದನ್ನು ಒಡೆದು ಅಸ್ತ್ರ ಒಲೆಯ ತತ್ವದಲ್ಲಿ ಕಟ್ಟುವ ಯೋಚನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಒಲೆ ಅದು. ಸೌದೆ ಜಾಲರಿಯ ಮೇಲೆ ಉರಿಯುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ, ಬಿಸಿ ಹೊಗೆ ಮೂರೂ ಪಾತ್ರೆಗಳಿಗೆ ತಾಗಿಯೇ ಚಿಮಣಿಗೆ ಹೋಗುತ್ತದೆ. ನನಗೆ ಮೂರು ಪಾತ್ರೆ ಬೇಡ, ಒಂದೇ ಹಂಡೆ. ಹಂಡೆಯ ಸುತ್ತ ಹೊಗೆಗೆ ಎಷ್ಟು ಸಂದು ಬಿಡಬೇಕು ಅನ್ನುವುದರ ಮೇಲೆ ಎಲ್ಲ ನಿಂತಿದೆ, ಚಿತ್ರ ಬರೆಯುತ್ತಿದ್ದೇನೆ. ಇಟ್ಟಿಗೆ, ಜೇಡಿಮಣ್ಣು ಮನೆಯಲ್ಲೇ ಇದೆ. ಸಿಗದೆ ಇರುವುದು ಎರಕದ ಕಬ್ಬಿಣದ ಜಾಲರಿ, ಸುಮಾರು ಒಂಬತ್ತು ಇಂಚಿನದ್ದು. ಇಲ್ಲಿ ಎಲ್ಲರೂ ಸರಳು ಬೆಸುಗೆ ಹಾಕಿ ಕೊಡುತ್ತೇವೆ ಅನ್ನುತ್ತಾರೆ, ಅದು ಬಿಸಿಗೆ ಬೇಗ ಬಾಗುತ್ತದೆ. ಮೈಸೂರು, ಮಂಡ್ಯ ಕಡೆ ಎರಕ ಹೊಯ್ಯುವವರು ಯಾರಾದರೂ ಗೊತ್ತಿದ್ದರೆ ಹೇಳಿ, ಮುಂದಿನ ವಾರವೇ ಹೋಗಿ ಕೇಳುತ್ತೇನೆ.