ಒಂದು ಹಿಡಿ ಮಣ್ಣು ತಂದವರಿಗೂ

ಭೀಮಾ ತೀರದ ಕನಗನಹಳ್ಳಿಗೆ ಹೋದಾಗಲೆಲ್ಲ ಅಶೋಕನ ಶಿಲ್ಪದ ಮುಂದೆ ನಾನು ಬಹಳ ಹೊತ್ತು ನಿಲ್ಲುತ್ತೇನೆ. ರಾಣಿ ಪಕ್ಕದಲ್ಲಿದ್ದಾಳೆ, ಮೇಲೆ ಬ್ರಾಹ್ಮಿ ಅಕ್ಷರಗಳಲ್ಲಿ ‘ರಾಯ ಅಸೋಕೋ’ ಎಂದಿದೆ. ಈ ಸಲ ಅಲ್ಲಿ ನಿಂತಾಗ ನೆನಪಾದವನು, ಅದೇ ಬುದ್ಧನಿಗೆ ಶರಣಾದ ಜಪಾನಿನ ಚಕ್ರವರ್ತಿ ಶೋಮು.

701ರಲ್ಲಿ ಹುಟ್ಟಿದ ಶೋಮು 724ರಲ್ಲಿ ನಾರಾದಲ್ಲಿ ಪಟ್ಟವೇರಿದ. ನಮ್ಮ ಕಡೆಯ ಹಿರಿಯರು ‘ದೇವಿ’ ಎಂದು ಹೆದರುತ್ತಲೇ ಕೈಮುಗಿಯುತ್ತಿದ್ದ ಸಿಡುಬು 735ರಿಂದ 737ರವರೆಗೆ ಅವನ ನಾಡನ್ನು ಬರಿದುಮಾಡಿತು. ಆಸ್ಥಾನವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಫುಜಿವಾರ ಮನೆತನದ ನಾಲ್ವರು ಅಣ್ಣತಮ್ಮಂದಿರೂ 737ರಲ್ಲೇ ತೀರಿಕೊಂಡರು. 740ರಲ್ಲಿ ದಂಗೆಯೆದ್ದಿತು. ಆಮೇಲೆ ಕೆಲವು ವರ್ಷ ರಾಜಧಾನಿಯೇ ಊರಿಂದೂರಿಗೆ ಅಲೆಯಿತು. ಪ್ರತಿ ಪ್ರಾಂತದಲ್ಲೂ ವಿಹಾರ ಕಟ್ಟಬೇಕೆಂದು 741ರಲ್ಲಿ ಆಜ್ಞೆ ಹೊರಡಿಸಿದವನು, 743ರಲ್ಲಿ ಮಹಾಬುದ್ಧನ ಕಂಚಿನ ಮೂರ್ತಿಯ ಸಂಕಲ್ಪ ಮಾಡಿದ.

ನನ್ನ ಮಟ್ಟಿಗೆ ಅವನ ಕೀರ್ತಿ ಇರುವುದು ಸುಮಾರು 15 ಮೀಟರ್ ಎತ್ತರದ ಆ ಮೂರ್ತಿಯಲ್ಲಲ್ಲ, ಅದಕ್ಕಾಗಿ ಹೊರಡಿಸಿದ ಶಾಸನದಲ್ಲಿ. ಒಂದು ಕಡ್ಡಿ ಹುಲ್ಲನ್ನೋ ಒಂದು ಹಿಡಿ ಮಣ್ಣನ್ನೋ ತಂದು ಕೈಜೋಡಿಸಬಯಸುವವರನ್ನೂ ಸೇರಿಸಿಕೊಳ್ಳಬೇಕು, ಈ ಕೆಲಸದ ಹೆಸರಿನಲ್ಲಿ ಅಧಿಕಾರಿಗಳು ಪ್ರಜೆಗಳನ್ನು ಪೀಡಿಸಬಾರದು ಎಂಬುದು ಅದರ ತಾತ್ಪರ್ಯ. ಕಲಬುರಗಿಯ ಶರಣಬಸವೇಶ್ವರರ ದಾಸೋಹಕ್ಕೆ ನಮ್ಮಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ಒಯ್ಯುತ್ತಿದ್ದ ಬೊಗಸೆ ಜೋಳವನ್ನು ಕಂಡವಳಾದ ನನಗೆ ಈ ಮಾತು ಪರದೇಶದ್ದೆನಿಸುವುದಿಲ್ಲ. ಆದರೂ ಸುಮಾರು 500 ಟನ್ ಕಂಚನ್ನು ಎರಕ ಹೊಯ್ಯುವ ಭಾರ ಬಡವರ ಹೆಗಲಿಗೇ ಬಿದ್ದಿತು. ಶೋಮು ತೀರಿಕೊಂಡ ಮರುವರ್ಷ, 757ರಲ್ಲಿ, ಒಳಸಂಚಿನ ಆರೋಪದಲ್ಲಿ ಸಿಕ್ಕಿಬಿದ್ದ ಆಸ್ಥಾನಿಕನೊಬ್ಬ, ಆ ಮೂರ್ತಿಯಿರುವ ತೋದಾಯ್‌ಜಿ ವಿಹಾರದ ನಿರ್ಮಾಣದಿಂದ ಜನ ಬಳಲಿದರೆಂದು ವಿಚಾರಣೆಯಲ್ಲೇ ಹೇಳಿದ. ಶೋಮುವನ್ನು ಮೆಚ್ಚುವವರು ಇದನ್ನೂ ಮರೆಯದೆ ಹೇಳಬೇಕು.

749ರಲ್ಲಿ ಅವನು ಮಗಳಿಗೆ ಸಿಂಹಾಸನ ಬಿಟ್ಟುಕೊಟ್ಟ. 752ರಲ್ಲಿ ಮೂರ್ತಿಗೆ ಕಣ್ಣು ಬರೆಯುವ ಉತ್ಸವ ನಡೆದಾಗ ಕುಂಚ ಹಿಡಿದವರು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಆ ಕುಂಚಕ್ಕೆ ಉದ್ದನೆಯ ದಾರ ಕಟ್ಟಿದ್ದರು. ಕಣ್ಣು ಬರೆಯುವ ಪುಣ್ಯ ತಮಗೂ ದಕ್ಕಲೆಂದು ನೆರೆದವರು ಆ ದಾರವನ್ನು ಹಿಡಿದು ನಿಂತಿದ್ದರು. 756ರಲ್ಲಿ ಶೋಮು ತೀರಿಕೊಂಡ ಮೇಲೆ ರಾಣಿ ಕೋಮ್ಯೋ ಅವನ ನೆಚ್ಚಿನ 600ಕ್ಕೂ ಹೆಚ್ಚು ವಸ್ತುಗಳನ್ನು ಮಹಾಬುದ್ಧನಿಗೇ ಅರ್ಪಿಸಿದಳು. ಅವುಗಳನ್ನು ಕಾಪಿಟ್ಟ ಶೋಸೋಇನ್ ಭಂಡಾರದಲ್ಲಿ ಆ ಕುಂಚವೂ ನೀಲಿ ದಾರವೂ ಇಂದಿಗೂ ಇವೆ.