ಮಳೆಗಾಲಕ್ಕೆ ಮುಂಚೆ ಚರ್ಚು ಮಾಡಬೇಕಾದ ಕೆಲಸ

ಕೊಡಗಿನ ಧರ್ಮಕೇಂದ್ರಗಳಲ್ಲಿ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರುಕೇರಿಗಳಲ್ಲಿ, ನೆರವಿನ ಕೆಲಸ ಮೇ ತಿಂಗಳಲ್ಲೇ ಶುರುವಾಗಬೇಕು. ಜೂನ್ ಹಿಡಿದರೆ ಮರ ಬಿದ್ದು ರಸ್ತೆ ಮುಚ್ಚುತ್ತದೆ, ಕರೆಂಟು ದಿನಗಟ್ಟಲೆ ಇರುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ವಾರ್ಡುವಾರು ಪಟ್ಟಿ: ಒಂಟಿ ವೃದ್ಧರು, ಹಾಸಿಗೆ ಹಿಡಿದವರು, ತುಂಬು ಗರ್ಭಿಣಿಯರು, ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಇರುವವರು. ಪ್ರತಿ ಹೆಸರಿನ ಮುಂದೆ ನೆರೆಯವರ ಫೋನ್ ನಂಬರ್, ಜೀಪು ಎಲ್ಲಿಯವರೆಗೆ ಹೋಗುತ್ತದೆ, ನಿತ್ಯದ ಮಾತ್ರೆ ಯಾವುದು ಎಂದು ಬರೆಯಿರಿ. ಪಟ್ಟಿ ಕಾಗದದ ಮೇಲೂ ಇರಲಿ. ಮೊಬೈಲ್ ಚಾರ್ಜ್ ಮುಗಿದ ದಿನವೇ ಅದು ಬೇಕಾಗುವುದು. ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿಗಾಗುವಷ್ಟು ಮುಂಚೆಯೇ ಕೊಡಿಸಿ. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಐಸಿನ ಮೇಲೆ ಇಟ್ಟು ಹೆಪ್ಪುಗಟ್ಟಿದರೆ ಎಸೆಯಬೇಕು.

ಅಕ್ಕಿಯನ್ನು ಮನೆಗೊಂದು ಚೀಲ ಎಂದು ಹಂಚುವುದು ತಪ್ಪು. ದಿನಕ್ಕೆ ತಲೆಗೆ 400 ಗ್ರಾಂ ಹಿಡಿದರೆ ಐದು ಜನರ ಮನೆಗೆ ವಾರಕ್ಕೆ 14 ಕಿಲೋ ಬೇಕು, ಒಂಟಿ ಅಜ್ಜಿಗೆ ಮೂರು ಕಿಲೋ ಸಾಕು. ಆ ಅಜ್ಜಿಗೆ ಒಣ ಸೌದೆಯೇ ಹೆಚ್ಚು ಮುಖ್ಯ.

ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೆದುರು ಹೆಸರು ಕೂಗಿ ಕೊಡಲೇಬೇಡಿ. ನಿಜವಾಗಿ ಕಷ್ಟದಲ್ಲಿರುವವರು ಮುಂದಿನ ವಾರದಿಂದ ಚರ್ಚಿಗೇ ಬರುವುದಿಲ್ಲ. ಇಬ್ಬರು ಮನೆಗೆ ಹೋಗಿ, ಕೂತು ಮಾತಾಡಿ ಕೊಡಿ. ಇಬ್ಬರಿದ್ದರೆ ಹಣದ ಲೆಕ್ಕಕ್ಕೂ ಸಾಕ್ಷಿ. ರೋಗಿಗಳಿಗೆ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಒಯ್ಯುವವರೇ ಮಾತ್ರೆ ಎಷ್ಟು ಉಳಿದಿದೆ, ಮಾಡು ಸೋರುತ್ತಿದೆಯೇ ಎಂದು ನೋಡಿಕೊಂಡು ಬಂದು ಅಂದೇ ಫಾದರಿಗೆ ತಿಳಿಸಲಿ.