ಬೇಗ ಕಾಪಿ ಮುಗಿಸಿದ ಹಾರ್ಡ್ ಡಿಸ್ಕೇ ಒಳ್ಳೆಯದಾ?

ಮದುವೆ ಫೋಟೋ ತೆಗೆಯುವವರು, ಆಫೀಸಿನ ಬ್ಯಾಕಪ್ ನೋಡಿಕೊಳ್ಳುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಎರಡು ಹಾರ್ಡ್ ಡಿಸ್ಕಿಗೂ ಅದೇ ಫೋಲ್ಡರ್ ಕಾಪಿ ಮಾಡಿ ನೋಡಿದೆ. ಒಂದು ಬೇಗ ಮುಗಿಸಿತು. ಅದೇ ಒಳ್ಳೆಯದು ಅಲ್ವಾ?"

ಪರೀಕ್ಷೆ ಸರಿಯಾಗಿ ನಡೆದಿದ್ದರೆ ಹೌದು. ಕಾಪಿ ಮಾಡಿ ನೋಡುವುದು ಡಬ್ಬದ ಮೇಲಿನ ಅಂಕಿ ನಂಬುವುದಕ್ಕಿಂತ ಎಷ್ಟೋ ವಾಸಿ. ಯುಎಸ್‌ಬಿ 3.0, 5 ಗಿಗಾಬಿಟ್ ಎಂದು ಬರೆದಿರುವುದು ಕೇಬಲ್ಲಿನ ವೇಗ. ಒಳಗೆ ತಿರುಗುವ ತಟ್ಟೆ ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗೆಯೇ ಎರಡೂ ಡಿಸ್ಕನ್ನು ಹಳೆಯ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿದರೆ ಎರಡೂ ಸೆಕೆಂಡಿಗೆ 30-40 ಎಂಬಿಯಲ್ಲೇ ತೆವಳುತ್ತವೆ. ಆಗ ನೀವು ಅಳೆದದ್ದು ಪೋರ್ಟನ್ನು, ಡಿಸ್ಕನ್ನಲ್ಲ.

ಎಲ್ಲಕ್ಕಿಂತ ಜಾಸ್ತಿ ದಾರಿ ತಪ್ಪಿಸುವುದು ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ, ಅಂದರೆ ರ‍್ಯಾಮ್. ಮೊದಲ ಡಿಸ್ಕಿಗೆ ಕಾಪಿ ಮಾಡುವಾಗ ಕಂಪ್ಯೂಟರ್ ಆ ಫೈಲುಗಳನ್ನು ಓದಿ ರ‍್ಯಾಮಿನಲ್ಲೂ ಇಟ್ಟುಕೊಳ್ಳುತ್ತದೆ. ಎರಡನೆಯದರ ಸರದಿ ಬಂದಾಗ ಓದುವ ಕೆಲಸವೇ ಇರುವುದಿಲ್ಲ. ಸುಮ್ನೆ ಎರಡನೆಯದು ಗೆದ್ದ ಹಾಗೆ ಕಾಣುತ್ತದೆ. ಬರೆಯುವಾಗಲೂ ಇದೇ ಕಥೆ. ಎಷ್ಟೋ ಸಲ ಡೇಟಾ ಮೊದಲು ರ‍್ಯಾಮಿಗೆ ಹೋಗಿ ಕೂರುತ್ತದೆ, ಡಿಸ್ಕಿಗೆ ಆಮೇಲೆ ಇಳಿಯುತ್ತದೆ. ಅದಕ್ಕೇ ಆರಂಭದಲ್ಲಿ ಭಾರೀ ವೇಗ ತೋರಿಸಿ, ಸ್ವಲ್ಪ ಹೊತ್ತಿಗೆ ಗ್ರಾಫ್ ಧಡಕ್ಕನೆ ಬೀಳುತ್ತದೆ. ಆದ್ದರಿಂದ ಪ್ರತಿ ಸಲವೂ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ರ‍್ಯಾಮಿಗಿಂತ ದೊಡ್ಡ ಫೋಲ್ಡರ್ ತೆಗೆದುಕೊಳ್ಳಿ. ಮೂಲ ಫೈಲುಗಳು ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕಿನಲ್ಲಿ) ಇರಲಿ, ಇಲ್ಲದಿದ್ದರೆ ಓದುವ ಡಿಸ್ಕಿನ ನಿಧಾನವೂ ಲೆಕ್ಕಕ್ಕೆ ಸೇರುತ್ತದೆ.

ಇನ್ನು, ಏನನ್ನು ಕಾಪಿ ಮಾಡಿದಿರಿ? ಒಂದೇ 20 ಜಿಬಿ ವಿಡಿಯೋ ಆದರೆ ತಟ್ಟೆಯ ಮೇಲೆ ಓದಿ ಬರೆಯುವ ಹೆಡ್ ಒಂದೇ ಕಡೆಯಿಂದ ಸಾಲಾಗಿ ಕೆಲಸ ಮಾಡುತ್ತಾ ಹೋಗುತ್ತದೆ. ಚದುರಿದ ಸಣ್ಣ ಫೈಲುಗಳಾದರೆ ಪ್ರತಿಯೊಂದಕ್ಕೂ ಜಾಗ ಹುಡುಕಿಕೊಂಡು ಓಡಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಹೆಡ್ ಸರಿಯಾದ ಟ್ರ್ಯಾಕಿಗೆ (ತಟ್ಟೆಯ ಮೇಲೆ ಡೇಟಾ ಬರೆದಿರುವ ಸುತ್ತಿಗೆ) ಹೋಗಲು ಸುಮಾರು 9 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಇನ್ನೂ 4.2. ಒಂದು ಫೈಲಿಗೆ ಒಂದೇ ಸಲ ಓಡಿತು ಎಂದುಕೊಂಡರೂ 1 ಲಕ್ಷ ಫೈಲಿಗೆ ಸುಮಾರು 22 ನಿಮಿಷ ಬರೀ ಓಡಾಟಕ್ಕೇ ಹೋಯಿತು! ಫೈಲ್ 50 ಕೆಬಿಯದ್ದಾದರೆ ವೇಗ ಸೆಕೆಂಡಿಗೆ 4 ಎಂಬಿ ಕೂಡ ದಾಟುವುದಿಲ್ಲ. ಅದೇ ಡಿಸ್ಕ್ ದೊಡ್ಡ ವಿಡಿಯೋಗೆ 150 ತೋರಿಸಬಹುದು. ಎರಡೂ ನಿಜವೇ. ನಿಮ್ಮ ಕೆಲಸ ಯಾವ ಥರದ್ದೋ ಅದರಿಂದಲೇ ಪರೀಕ್ಷೆ ಮಾಡಿ.

ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಜೊತೆ ಹೋಲಿಸುವುದೂ ನ್ಯಾಯವಲ್ಲ. ತಟ್ಟೆಯ ಹೊರ ಅಂಚಿನ ಟ್ರ್ಯಾಕ್ ಉದ್ದ, ಹಾಗಾಗಿ ಒಂದು ಸುತ್ತಿಗೆ ಜಾಸ್ತಿ ಡೇಟಾ ಸಿಗುತ್ತದೆ. ಸಾಮಾನ್ಯವಾಗಿ ಡಿಸ್ಕ್ ತುಂಬುವುದು ಹೊರಗಿನಿಂದ ಒಳಕ್ಕೆ. ಒಳ ಅಂಚಿಗೆ ಬರುವಷ್ಟರಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ.

ಈಗ ನಾನು ಎಲ್ಲರಿಗೂ ಒತ್ತಿ ಹೇಳುವ ಮಾತಿಗೆ ಬರುತ್ತೇನೆ. ಎಸ್‌ಎಂಆರ್ ಎಂಬ ಬಗೆಯ ಡಿಸ್ಕುಗಳಿವೆ. ಇವುಗಳಲ್ಲಿ ಟ್ರ್ಯಾಕುಗಳು ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ಅದೇ ತಟ್ಟೆಯಲ್ಲಿ ಜಾಸ್ತಿ ಡೇಟಾ ಹಿಡಿಸುತ್ತದೆ ನಿಜ, ಆದರೆ ನಡುವಿನ ಒಂದು ಟ್ರ್ಯಾಕ್ ಬದಲಿಸಬೇಕಾದರೆ ಅದರ ಪಕ್ಕದ ಸಾಲನ್ನೂ ಮತ್ತೆ ಬರೆಯಬೇಕು. ಈ ನಿಧಾನ ಗೊತ್ತಾಗದಿರಲೆಂದು ಡಿಸ್ಕ್ ಮೊದಲು ಬಂದದ್ದನ್ನು ಬೇರೆ ಮೀಸಲು ಜಾಗದಲ್ಲಿ ಬರೆದುಕೊಂಡು, ಬಿಡುವಾದಾಗ ಜೋಡಿಸುತ್ತದೆ. ನಾಲ್ಕೈದು ಜಿಬಿ ಕಾಪಿ ಮಾಡಿ ನೋಡಿದರೆ ಇದು ಏನೇನೂ ಗೊತ್ತಾಗುವುದಿಲ್ಲ. ದಿನವಿಡೀ ಬ್ಯಾಕಪ್ ಓಡಿಸಿ ಆ ಜಾಗ ತುಂಬಿದಾಗ ವೇಗ ಕುಸಿಯುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ, ನೆಟ್‌ವರ್ಕಿನಲ್ಲಿ ಹಲವರು ಹಂಚಿಕೊಳ್ಳುವ ನಾಸ್ ಎಂಬ ಡಿಸ್ಕ್ ಪೆಟ್ಟಿಗೆಗೆಂದು ಮಾರುತ್ತಿದ್ದ ತನ್ನ ರೆಡ್ ಎಂಬ ಹೆಸರಿನ ಕೆಲವು ಡಿಸ್ಕುಗಳಲ್ಲೂ ಇದೇ ವಿಧಾನ ಇದೆ ಎಂದು ಒಪ್ಪಿಕೊಂಡಿತು. ಆಮೇಲೆ ಟ್ರ್ಯಾಕ್ ಹತ್ತಿಕೊಳ್ಳದ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂದು ಬೇರೆ ಹೆಸರು ಕೊಟ್ಟಿತು. ನನ್ನ ಪ್ರಕಾರ ಇದು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರಲೇಬೇಕಾದ ಮಾಹಿತಿ. ದುಡ್ಡು ಕೊಟ್ಟು ತರುವವರು ಸ್ಪೆಸಿಫಿಕೇಶನ್ ಹಾಳೆ ಹುಡುಕಿ ತಿಳಿದುಕೊಳ್ಳುವ ಹಾಗಿರಬಾರದು.

ಹಾಗಾಗಿ ಹೊಸ ಡಿಸ್ಕನ್ನು ಅರ್ಧಕ್ಕಿಂತ ಜಾಸ್ತಿ ತುಂಬಿಸಿ. ನಡುನಡುವೆ ಕೆಲವು ಫೋಲ್ಡರ್ ಅಳಿಸಿ. ಆಮೇಲೆ ದೊಡ್ಡ ಕಾಪಿ ಹಾಕಿ ಕೊನೆಯ ಅರ್ಧ ಗಂಟೆಯ ವೇಗ ನೋಡಿ. ಹೀಗೆ ನೋಡಿದ ಮೇಲೂ ಎರಡರ ನಡುವೆ ನೂರಕ್ಕೆ ಹತ್ತರಷ್ಟೇ ವ್ಯತ್ಯಾಸ ಇದ್ದರೆ ನಾನು ವೇಗದ ಮಾತು ಬಿಟ್ಟು, ವಾರಂಟಿ ಜಾಸ್ತಿ ಇರುವುದನ್ನು ತೆಗೆದುಕೊಳ್ಳಿ ಎನ್ನುತ್ತೇನೆ.